ಟಾಸೂ ಇಲ್ಲ, ಬಾಲೂ ಇಲ್ಲ

ಚಿನ್ನಸ್ವಾಮಿ ಮೈದಾನದಡಿ ಮಳೆನೀರು ಹೀರುವ ಸಬ್‌ಏರ್ ಯಂತ್ರ 2017ರಿಂದಲೇ ಇದೆ. ಅದನ್ನೇ ನಂಬಿ 2025ರ ಮೇ 17ರಂದು ಇಡೀ ಸಂಸಾರ ಆರ್‌ಸಿಬಿ–ಕೆಕೆಆರ್ ಪಂದ್ಯಕ್ಕೆ ಹೊರಟಿತು. ಟೆಸ್ಟ್‌ಗೆ ಆಗಷ್ಟೇ ವಿದಾಯ ಹೇಳಿದ್ದ ಕೊಹ್ಲಿಯ ಗೌರವಕ್ಕೆ ಎಲ್ಲರಿಗೂ ಬಿಳಿ ಅಂಗಿ. ಶುರುವಾಯ್ತು ನೋಡಿ ಮಳೆ! ನೆಲದ ನೀರನ್ನೇನೋ ಯಂತ್ರ ಕುಡಿಯುತ್ತೆ, ಆಕಾಶದ ನಲ್ಲಿ ತಿರುಗಿಸೋರು ಯಾರು?

“ಐದೈದು ಓವರಾದ್ರೂ ಆಡಿಸ್ತಾರೆ ಕಣ್ರೀ” ಎಂದು ಭಾವ ಪಂಚಾಂಗದವರಂತೆ ಗಂಟೆಗಟ್ಟಲೆ ಭವಿಷ್ಯ ನುಡಿದರು. ಟಾಸೂ ಆಗಲಿಲ್ಲ. ತಂಡಗಳಿಗೆ ತಲಾ ಒಂದು ಪಾಯಿಂಟ್, ನಮಗೆ ತಲಾ ಒಂದು ನೆಗಡಿ. ಇಷ್ಟಾದರೂ ಮಕ್ಕಳ “ಆರ್‌ಸಿಬಿ, ಆರ್‌ಸಿಬಿ” ಕೂಗು ಮೆಟ್ರೋದಲ್ಲೂ ನಿಲ್ಲಲಿಲ್ಲ.

ಅತ್ತೆ ಸೆರಗು ಹಿಂಡುತ್ತಾ ಅಂದರು: “ಮನೇಲಿದ್ದಿದ್ರೆ ಟಿವಿಯಲ್ಲಿ ಜಾಹೀರಾತಾದ್ರೂ ನೋಡಬಹುದಿತ್ತು.”