ಮಾಲಕರು ಬದಲಾದರ ನಳಾ ಬರ್ತಾವೇನ್ರೀ?

ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಎಂಬ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು 2010ರಿಂದ ಒಂದೇ ಚಿಂತೆಯಲ್ಲಿದ್ದಾರೆ. ಪರದೇಶದ ಮಾಲಕರು ಬಂದಿದ್ದರಿಂದ ಕ್ಲಬ್ಬು ಕೆಟ್ಟಿತೋ ಉಳಿಯಿತೋ? ಇವರು ಹೋಗಿ ಇನ್ನೊಂದು ದೇಶದವರು ಬಂದರೆ ಹೇಗೆ? ಇಂಥ ಪ್ರಶ್ನೆ ಎದ್ದಾಗ ಅಲ್ಲಿಯ ಪತ್ರಿಕೆಗಳು ಹಣಕಾಸಿನ ಪಂಡಿತರನ್ನೂ ನಿವೃತ್ತ ಆಟಗಾರರನ್ನೂ ಮಾತಾಡಿಸುತ್ತವೆ. ಮಹಾರಾಷ್ಟ್ರ-ಕರ್ನಾಟಕ ಗಡಿಯ ನಮ್ಮ ಅಕ್ಕಲಕೋಟೆಯವರನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಆದ್ದರಿಂದ ಕೇಳದೆಯೇ ಹೇಳುವ ಹೊಣೆ ನಮ್ಮ ಮೇಲೆ ಬಿದ್ದಿದೆ.

ಸ್ವಾಧೀನಶಾಸ್ತ್ರದಲ್ಲಿ ನನಗೆ ಪದವಿ ಇಲ್ಲ. ಸೊಲ್ಲಾಪುರ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಅದರ ಅಗತ್ಯವೂ ಇಲ್ಲ. ಅಕ್ಕಲಕೋಟೆ ಮೊದಲು ಭೋಸಲೆ ರಾಜರ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಭಾಷಾವಾರು ಹಂಚಿಕೆಯಾದಾಗ ಮನೆಯಲ್ಲಿ ಕನ್ನಡ ಮಾತಾಡುತ್ತಲೇ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರ ಮೇ 1ರಂದು ಮಹಾರಾಷ್ಟ್ರವಾಯಿತು. 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಅನೇಕ ಊರುಗಳು ಕರ್ನಾಟಕಕ್ಕೆ ಹೋಗಬೇಕೆಂದು ಬರೆಯಿತು. ಮಹಾರಾಷ್ಟ್ರ ವರದಿಯನ್ನೇ ಒಪ್ಪಲಿಲ್ಲ. 2004ರಲ್ಲಿ ಗಡಿಯ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಕೂತಿತು. ಫುಟ್‌ಬಾಲಿನವರಿಗೆ ತಿಳಿಯುವಂತೆ ಹೇಳುವುದಾದರೆ, ಆಟಗಾರನ ವೈದ್ಯಕೀಯ ಪರೀಕ್ಷೆ ಮುಗಿದಿದೆ, ಜರ್ಸಿಯ ಅಳತೆ ತೆಗೆದುಕೊಂಡಿದ್ದಾರೆ, ಆಟಗಾರ ಮಾತ್ರ ಐದಾರು ದಶಕದಿಂದ ಹಳೆಯ ಕ್ಲಬ್ಬಿನ ಬೆಂಚಿನ ಮೇಲೆ ಕೂತಿದ್ದಾನೆ.

ಸೊಲ್ಲಾಪುರ ಶಹರದ ಅನುಭವ ಇನ್ನೂ ಆಳವಾದದ್ದು. ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ, ಅಂದರೆ ಊರವರ ಬಾಯಲ್ಲಿ ಜೂನಿ ಮಿಲ್, ಆಡಳಿತ ಹದಗೆಟ್ಟು 1949ರ ಆಗಸ್ಟಿನಲ್ಲಿ ಬಾಗಿಲು ಹಾಕಿತು. 1950ರ ಜನವರಿ 9ರಂದು, ಸಂವಿಧಾನ ಜಾರಿಗೆ ಬರಲು ಇನ್ನೂ ಹದಿನೇಳು ದಿನ ಇರುವಾಗ, ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿ ಹಳೆಯ ನಿರ್ದೇಶಕರನ್ನು ಇಳಿಸಿ ತನ್ನವರನ್ನು ಕೂಡಿಸಿತು. ಶೇರುದಾರರೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿ ಅದೇ ವರ್ಷದ ಡಿಸೆಂಬರಿನಲ್ಲಿ ಸೋತರು. ಇನ್ನೊಬ್ಬರು ಹೋಗಿ 1953ರ ಡಿಸೆಂಬರಿನಲ್ಲಿ ಗೆದ್ದರು. ಒಂದೇ ಮಿಲ್ಲು, ಒಂದೇ ಕಾಯಿದೆ, ಎರಡು ಫಲಿತಾಂಶ. ಕಾನೂನು ಕಾಲೇಜಿನ ಹುಡುಗರು ಇವತ್ತಿಗೂ ಈ ಎರಡು ತೀರ್ಪುಗಳನ್ನು ಬಾಯಿಪಾಠ ಮಾಡುತ್ತಾರೆ. ಮಿಲ್ಲು ಉಳಿಯಲಿಲ್ಲ, ಆದರೆ ಪಠ್ಯಕ್ಕೆ ಧಕ್ಕೆ ಬಂದಿಲ್ಲ.

ಅಭಿಮಾನಿಗಳೇ ಕ್ಲಬ್ಬು ನಡೆಸಿದರೆ ಹೇಗೆ ಎಂದು ಜರ್ಮನಿಯ ಮಾದರಿ ತೋರಿಸುವವರಿಗೂ ನಮ್ಮಲ್ಲಿ ಉತ್ತರವಿದೆ. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದ ಜನ ಬ್ರಿಟಿಷರ ಆಡಳಿತವನ್ನು ಕೆಲವು ದಿನ ಊರಿಂದಲೇ ಹೊರಗಿಟ್ಟರು. ಹಳೆಯ ಮಾಲಕರು ಮಾರ್ಷಲ್ ಲಾ ಹಿಡಿದುಕೊಂಡು ಮರಳಿ ಬಂದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ಗಲ್ಲಿಗೇರಿದರು. ಈ ಪ್ಯಾರಾದಲ್ಲಿ ನಗಲಿಕ್ಕೆ ಏನೂ ಇಲ್ಲ, ಮುಂದೆ ಹೋಗೋಣ.

ಬ್ಲ್ಯಾಕ್‌ಬರ್ನ್ ಕೂಡ ಸೊಲ್ಲಾಪುರದಂತೆ ಗಿರಣಿ ಊರೇ. ನಮ್ಮ ಮುತ್ತಜ್ಜಂದಿರು ಉಟ್ಟ ಧೋತರಗಳನ್ನು ಅಲ್ಲಿಯ ಮಗ್ಗಗಳು ನೇಯ್ದು ಹಡಗು ಹತ್ತಿಸುತ್ತಿದ್ದವು. ನಾವು ಅವನ್ನು ಬಿಟ್ಟೆವು, ಅವರ ಗಿರಣಿಗಳು ತಣ್ಣಗಾದವು. 1931ರಲ್ಲಿ ಗಾಂಧೀಜಿ ಪಕ್ಕದ ಡಾರ್ವೆನ್‌ಗೇ ಹೋಗಿ ಅಲ್ಲಿಯ ಕಾರ್ಮಿಕರ ಕಷ್ಟ ಕೇಳಿ ಬಂದರು. ಊರವರೇ ಆದ ಉಕ್ಕಿನ ಉದ್ಯಮಿ ಜ್ಯಾಕ್ ವಾಕರ್ ಹಣ ಸುರಿದು 1995ರಲ್ಲಿ ಕ್ಲಬ್ಬಿಗೆ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟರು. 2010ರ ನವೆಂಬರಿನಲ್ಲಿ ಪುಣೆಯ ಕೋಳಿ ಉದ್ಯಮದ ವೆಂಕೀಸ್ ಬಳಗ ಅದೇ ಕ್ಲಬ್ಬನ್ನು 2.3 ಕೋಟಿ ಪೌಂಡಿಗೆ ಕೊಂಡಿತು. ಅಂದರೆ ಇಲ್ಲಿ ಪರದೇಶದ ಬಂಡವಾಳಶಾಹಿ ಎಂದರೆ ನಾವು. ಸೊಲ್ಲಾಪುರದಿಂದ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಸಿಗುವ ಊರಿನವರು.

ಮುಂದಿನದು ದಾಖಲೆಯಲ್ಲಿದೆ. ಒಂದು ತಿಂಗಳಾಗುವುದರೊಳಗೆ ಮ್ಯಾನೇಜರ್ ಸ್ಯಾಮ್ ಅಲಾರ್ಡೈಸ್ ಹೊರಗೆ. ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಕೋಳಿ ತಿನ್ನುವ ಜಾಹೀರಾತು ಟಿವಿಯಲ್ಲಿ. 2012ರ ಮೇ ತಿಂಗಳಲ್ಲಿ ವಿಗನ್ ಎದುರು ಸೋತು ಮೇಲ್ದರ್ಜೆಯಿಂದ ಕೆಳಗೆ ಬಿದ್ದ ಸಂಜೆ, ಯಾರೋ ಅಭಿಮಾನಿ ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯನ್ನು ಮೈದಾನಕ್ಕೆ ಬಿಟ್ಟ. ಅವತ್ತು ಆ ಮೈದಾನದಲ್ಲಿ ಚುರುಕಾಗಿ ಓಡಿದ್ದು ಅದೊಂದೇ ಎಂದು ನನ್ನ ವಿಶ್ಲೇಷಣೆ. ಅದೇ ವರ್ಷ ಬಂದ ಹೆನಿಂಗ್ ಬರ್ಗ್ ಎಂಬ ಮ್ಯಾನೇಜರು ಉಳಿದದ್ದು 57 ದಿನ. 2017ರಲ್ಲಿ ಮೂರನೇ ದರ್ಜೆಗೂ ಇಳಿದು ನೋಡಿ, ಮರುವರ್ಷ ಮೇಲೆ ಬಂದರು. ಈಚೆಗೆ ಪುಣೆಯಿಂದ ಕ್ಲಬ್ಬಿಗೆ ಹಣ ಹೋಗಬೇಕಾದರೆ ದೆಹಲಿ ಹೈಕೋರ್ಟಿನ ಒಪ್ಪಿಗೆ ಬೇಕಾಗಿತ್ತು.

ಇದನ್ನೆಲ್ಲ ಅಕ್ಕಲಕೋಟೆಯ ಬಸ್‌ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಒಬ್ಬ ಹಿರಿಯರ ಮುಂದೆ ಇಟ್ಟೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಫುಟ್‌ಬಾಲನ್ನು ಒಮ್ಮೆಯೂ ನೋಡಿಲ್ಲವಾದ್ದರಿಂದ ಅವರ ಅಭಿಪ್ರಾಯದಲ್ಲಿ ಪಕ್ಷಪಾತ ಇರಲಾರದು.

"ಮಾಲಕ್ರು ಎಲ್ಲಿ ಇರ್ತಾರ?"

"ಪುಣೇದಾಗ, ಕಾಕಾ."

"ಆಟ?"

"ವಿಲಾಯತದಾಗ."

"ಹಂಗಾರ ನಮ್ಮ ಜಿಲ್ಲಾದ ಪಾಲಕಮಂತ್ರಿ ಇದ್ದಂಗ. ಝೆಂಡಾ ಹಾರ್ಸಾಕರೆ ಬರ್ತಾರಿಲ್ಲೊ?"

ಅದೂ ಅಪರೂಪ ಎಂದೆ. ಕಾಕಾ ಬಸಿಯಲ್ಲಿದ್ದ ಚಹಾ ಊದಿ, ಹಾಗಾದರೆ ಆ ಊರಿನಲ್ಲಿ ನಳಾ ಎಷ್ಟು ದಿನಕ್ಕೊಮ್ಮೆ ಬರುತ್ತವೆ ಎಂದು ಕೇಳಿದರು. ದಿನಾಲೂ ಬರುತ್ತವೆ ಎಂದು ತಿಳಿದ ಮೇಲೆ ಬ್ಲ್ಯಾಕ್‌ಬರ್ನಿನವರ ಬಗ್ಗೆ ಅವರಿಗಿದ್ದ ಕನಿಕರ ಗಣನೀಯವಾಗಿ ಕಡಿಮೆಯಾಯಿತು.

ಹೊಸ ಮಾಲಕರನ್ನು ಸ್ವಾಗತಿಸುವ ವಿಧಾನಗಳನ್ನೂ ಶಾಸ್ತ್ರ ಗಮನಿಸಬೇಕು. 2021ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯದ ನಿಧಿ ನ್ಯೂಕ್ಯಾಸಲ್ ಕ್ಲಬ್ಬಿನ ಶೇಕಡಾ 80 ಪಾಲು ಹಿಡಿದಾಗ, ಅಭಿಮಾನಿಗಳು ಅರಬರಂತೆ ಕಾಣಲು ಅಡುಗೆಮನೆಯ ಟವೆಲ್ಲುಗಳನ್ನೇ ತಲೆಗೆ ಸುತ್ತಿಕೊಂಡು ಕುಣಿದರು. ಟವೆಲ್ಲಿಗೆ ಹೆಸರಾದ ಸೊಲ್ಲಾಪುರದ ಒಬ್ಬ ಕಾರಖಾನೆದಾರನಿಗೂ ಈ ಮಾರುಕಟ್ಟೆ ಕಣ್ಣಿಗೆ ಬೀಳಲಿಲ್ಲ. ಕಾರ್ಡಿಫ್ ಕ್ಲಬ್ಬಿನ ಮಲೇಷ್ಯಾದ ಮಾಲಕ 2012ರಲ್ಲಿ ನೀಲಿ ಅಂಗಿಯನ್ನು ಕೆಂಪು ಮಾಡಿಸಿ, ಬೈಗುಳ ತಿಂದು, 2015ರಲ್ಲಿ ಮತ್ತೆ ನೀಲಿಗೆ ಬಂದರು. ಬೋರ್ಡಿನ ಭಾಷೆಗಾಗಿ ಬಸ್ಸಿಗೆ ಮಸಿ ಬಳಿಯುವ ಗಡಿಭಾಗದಲ್ಲಿ ಇದು ಸುದ್ದಿಯೇ ಅಲ್ಲ. ಮಸಿಗೆ ಮೂರು ವರ್ಷದ ಬಾಳಿಕೆ ಹೆಚ್ಚಾಯಿತು.

ಈಗ ಮುಖ್ಯ ಸಿದ್ಧಾಂತ. 2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ, ಸೊಲ್ಲಾಪುರ ಅಕ್ಕಲಕೋಟೆಯಂಥ ಕನ್ನಡ ಪ್ರದೇಶಗಳು ನಮಗೆ ಸೇರಬೇಕು ಎಂದರು. ಒಂದು ಹಳ್ಳಿಯೂ ಹೋಗುವುದಿಲ್ಲ ಎಂದು ಮಹಾರಾಷ್ಟ್ರದ ದೇವೇಂದ್ರ ಫಡ್ನವೀಸ್ ಉತ್ತರಿಸಿದರು. ಅಷ್ಟರಲ್ಲಿ ಅಕ್ಕಲಕೋಟೆ ತಾಲೂಕಿನ ಕೆಲವು ಹಳ್ಳಿಗಳು, ರಸ್ತೆ ಇಲ್ಲ ನೀರಿಲ್ಲ, ನಾವು ಕರ್ನಾಟಕಕ್ಕೆ ಹೊರಟೆವು ಎಂದು ನಿರ್ಣಯ ಮಾಡಿ ಕಳಿಸಿದವು. ಏನಾಯಿತು? ಎಷ್ಟೋ ವರ್ಷ ದಾರಿ ಗೊತ್ತಿಲ್ಲದವರಿಗೆಲ್ಲ ಒಮ್ಮೆಲೇ ದಾರಿ ಗೊತ್ತಾಯಿತು. ಪಕ್ಕದ ಜತ್ತ ತಾಲೂಕಿಗೆ ಮ್ಹೈಸಾಳ ಯೋಜನೆಯ ನೀರನ್ನು ವಿಸ್ತರಿಸುವ ಮಾತು ಮುಂಬಯಿಯಿಂದ ಅವಸರದಲ್ಲಿ ಬಂತು. ಟಿವಿಯವರು ಬಂದರು, ಎರಡೂ ಭಾಷೆಯಲ್ಲಿ ಕಾಳಜಿ ಬಂತು. ಹಳೆಯ ಮಾಲಕರು ತಾವೇ ಮಾಲಕರೆಂದು ನೆನಪಿಸಿಕೊಂಡರು. ಹೊಸಬರು ಖರ್ಚಿಲ್ಲದೆ ಉದಾರಿಗಳಾದರು. ಮಾರಾಟವಾದರೆ ಈ ಯಾವುದೂ ಸಿಗುವುದಿಲ್ಲ. ಮಾರಾಟವಾದೀತು ಎಂಬ ಗುಲ್ಲು ಎದ್ದರೆ ಮಾತ್ರ ಸಿಗುತ್ತದೆ.

ಬ್ಲ್ಯಾಕ್‌ಬರ್ನಿನವರು ತಪ್ಪಿದ್ದು ಇಲ್ಲೇ. ಅವರು ವ್ಯವಹಾರ ಪೂರ್ತಿಯಾಗಲು ಬಿಟ್ಟರು. ಈಗಲೂ "ಮಾಲಕರೇ ಹೋಗಿ" ಎಂದು ಕೂಗುತ್ತಾರೆ. ಆ ಕೂಗಿನಿಂದ ಪುಣೆಯಲ್ಲಿ ಯಾರ ನಿದ್ದೆಯೂ ಕೆಡುವುದಿಲ್ಲ. ನನ್ನ ಸಲಹೆ ಸರಳವಾಗಿದೆ. ಹತ್ತಿರದಲ್ಲೇ ಬರ್ನ್ಲಿ ಇದೆ, ಕ್ಲಬ್ಬು ಅಮೆರಿಕದವರ ಕೈಯಲ್ಲಿದೆ, ಬ್ಲ್ಯಾಕ್‌ಬರ್ನಿನವರಿಗೆ ಅದರ ಹೆಸರೆತ್ತಿದರೆ ಆಗದು. ಒಂದು ಶನಿವಾರ ಸಭೆ ಸೇರಿ, ನಮಗೆ ಇಲ್ಲಿ ಸೌಲಭ್ಯ ಸಾಲದು, ನಾವು ಸರ್ವಾನುಮತದಿಂದ ಬರ್ನ್ಲಿಗೆ ಸೇರುತ್ತೇವೆ ಎಂದು ನಿರ್ಣಯ ಮಾಡಿ, ಒಂದು ಪ್ರತಿ ಪುಣೆಗೆ, ಒಂದು ಪ್ರತಿ ಬರ್ನ್ಲಿಗೆ ಕಳಿಸಬೇಕು. ಸೋಮವಾರದೊಳಗೆ ಒಳ್ಳೆಯ ಸ್ಟ್ರೈಕರ್ ಬರದಿದ್ದರೆ ನನ್ನ ಶುಲ್ಕ ವಾಪಸು.

ಕಾಕಾಗೆ ಒಂದೇ ಅನುಮಾನ. "ಅಲ್ಲಪಾ, ಆ ಬರ್ನ್ಲಿಯವ್ರು ಖರೇನ ಬಂದು ಕರ್ಕೊಂಡು ಹೋದ್ರ?"

"1967ರಿಂದ ನಿಮ್ಮನ್ನ ಯಾರರೆ ಕರ್ಕೊಂಡು ಹೋಗ್ಯಾರೇನು ಕಾಕಾ?"

ಕಾಕಾ ಸಮಾಧಾನದಿಂದ ಇನ್ನೊಂದು ಚಹಾ ಹೇಳಿ, ಎರಡನ್ನೂ ನನ್ನ ಲೆಕ್ಕಕ್ಕೆ ಬರೆಸಿದರು.