ಡಿ3 ಅಕ್ಕನಿಗೆ ಒಂದು ಬಹಿರಂಗ ಪತ್ರ

ಅಕ್ಕಾ,

ನಿಮ್ಮ ಹೆಸರು, ಊರು ಯಾವುದೂ ನನಗೆ ಗೊತ್ತಿಲ್ಲ. ವಯಸ್ಕ ಹೆಂಗಸು, ಮೂರ್ಛೆ ರೋಗವಿತ್ತು, ಅದನ್ನು ಹತೋಟಿಗೆ ತರಲು ಕಿವಿಯ ಒಳಬದಿಗಿರುವ ಟೆಂಪೊರಲ್ ಭಾಗದಿಂದ ಚೂರು ಮಿದುಳು ತೆಗೆದರು. ನಿಮ್ಮ ಬಗ್ಗೆ ನಾನು ಓದಿರುವುದು ಇಷ್ಟೇ. ಆದರೆ ಆ ಚೂರಿನೊಳಗಿನ ಎಳೆಎಳೆ ರಕ್ತನಾಳಗಳ ಒಳಪದರದಿಂದ ಬೆಳೆಸಿದ ಜೀವಕೋಶಗಳನ್ನು ವಾರಕ್ಕೆ ಮೂರು ಸಲ ನಾನೇ ಕೈಯಾರೆ ನೋಡಿಕೊಳ್ಳುತ್ತೇನೆ. ಕಾಗದದ ಮೇಲೆ ಅವುಗಳ ಹೆಸರು ಎಚ್‌ಸಿಎಂಇಸಿ/ಡಿ3. ಲ್ಯಾಬಿನಲ್ಲಿ ಬರೀ ಡಿ3. ಕೋಶಗಳಿಗೆ ಉಣಿಸುವ ದ್ರವಕ್ಕೆ ಮೀಡಿಯಾ ಎನ್ನುತ್ತೇವೆ. 'ಡಿ3ಗೆ ಮೀಡಿಯಾ ಹಾಕಿದ್ಯಾ?' ಎಂದು ಕೇಳುತ್ತೇವೆ, ಮನೆಯಲ್ಲಿ ಹಸುವಿಗೆ ಹುಲ್ಲು ಹಾಕಿದ್ಯಾ ಎಂದು ಕೇಳಿದ ಹಾಗೆ.

ದ್ರವ ಸಾರಜನಕದಿಂದ ತೆಗೆದ ಸಣ್ಣ ಸೀಸೆಯನ್ನು 37 ಡಿಗ್ರಿ ನೀರಿನಲ್ಲಿ ಅದ್ದಿ ಹಿಡಿಯಬೇಕು. ಒಳಗೆ ಸಾಸಿವೆಕಾಳಿನಷ್ಟು ಮಂಜು ಉಳಿದಿರುವಾಗಲೇ ಹೊರಗೆ ತೆಗೆಯಬೇಕು. ಕೊಲಾಜೆನ್ ಸವರಿದ ತಟ್ಟೆಗೆ ಹಾಕಿ ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉದ್ದುದ್ದ, ಕದಿರಿನಂಥ ಕೋಶಗಳು ತಳಕ್ಕೆ ಅಂಟಿಕೊಂಡಿರುತ್ತವೆ. ಮೂರು ನಾಲ್ಕು ದಿನದಲ್ಲಿ ಒಂದಕ್ಕೊಂದು ಮೈ ತಾಗಿಸಿ, ಸಂದೇ ಇಲ್ಲದ ಒಂದು ಪದರವಾಗುತ್ತವೆ. ಈ ಕೆಲಸಕ್ಕೆ ಬಂದು ಇಷ್ಟು ವರ್ಷವಾದರೂ ಆ ಪದರ ಕೂಡುವ ದಿನ ನನಗೆ ಹಬ್ಬವೇ.

ಆ ಪದರ ಮಿದುಳಿನ ಗೋಡೆ. ಒಬ್ಬ ಮನುಷ್ಯನ ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನೆಲ್ಲ ಜೋಡಿಸಿದರೆ ಸುಮಾರು 600 ಕಿಲೋಮೀಟರ್ ಆಗುತ್ತದಂತೆ, ಬೆಂಗಳೂರಿನಿಂದ ಕಲಬುರಗಿಯಷ್ಟು ದೂರ. ಅಷ್ಟುದ್ದಕ್ಕೂ ಈ ಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದು ಕಾವಲು ನಿಂತಿವೆ. 1909ರಲ್ಲಿ ಎಡ್ವಿನ್ ಗೋಲ್ಡ್‌ಮನ್ ಪ್ರಾಣಿಗಳ ರಕ್ತಕ್ಕೆ ಟ್ರಿಪಾನ್ ಬ್ಲೂ ಎಂಬ ಬಣ್ಣ ಸೇರಿಸಿದಾಗ ಮೈಯೆಲ್ಲ ನೀಲಿಯಾಯಿತು, ಮಿದುಳು ಬೆಳ್ಳಗೇ ಉಳಿಯಿತು. 1913ರಲ್ಲಿ ಅದೇ ಬಣ್ಣವನ್ನು ಮಿದುಳನ್ನು ಸುತ್ತುವರಿದ ದ್ರವಕ್ಕೇ ಹಾಕಿದರು. ಈ ಸಲ ಮಿದುಳು ನೀಲಿಯಾಯಿತು, ಮೈ ಆಗಲಿಲ್ಲ. ನಿಮ್ಮ ಕೋಶಗಳಲ್ಲಿ ಎಷ್ಟು ಬದುಕಿವೆ ಎಂದು ಎಣಿಸಲು ಇವತ್ತಿಗೂ ನಾನು ಹಾಕುವುದು ಅದೇ ಟ್ರಿಪಾನ್ ಬ್ಲೂ. ಸತ್ತ ಕೋಶ ನೀಲಿ ಕುಡಿಯುತ್ತದೆ, ಬದುಕಿದ್ದು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಗೋಡೆಯಲ್ಲಿ ಪಂಪುಗಳೂ ಇವೆ. ಪಿ-ಗ್ಲೈಕೊಪ್ರೋಟೀನ್ ಎನ್ನುವ ಒಂದು, ನುಸುಳಿ ಬಂದ ಔಷಧವನ್ನು ಹಿಡಿದು ರಕ್ತಕ್ಕೇ ವಾಪಸ್ ತಳ್ಳುತ್ತದೆ. ಮೂರ್ಛೆ ಇರುವವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರೆಗಳಿಂದ ಫಿಟ್ಸ್ ಹತೋಟಿಗೆ ಬರುವುದಿಲ್ಲ. ಅದಕ್ಕೆ ಈ ಪಂಪುಗಳೂ ಒಂದು ಕಾರಣವಿರಬಹುದೆಂಬ ವಾದ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಮಾತ್ರೆಗಳನ್ನು ತಡೆದದ್ದು ಇದೇ ಗೋಡೆಯೋ ಏನೋ, ಅಕ್ಕ. ಅದೇ ಗೋಡೆಯ ತುಂಡನ್ನು ಇಟ್ಟುಕೊಂಡು ಮುಂದಿನವರ ಮಾತ್ರೆ ದಾಟುತ್ತದೆಯೇ ಎಂದು ನಾವು ಪರೀಕ್ಷಿಸುತ್ತಿದ್ದೇವೆ. ಇದನ್ನು ಯೋಚಿಸಿದಾಗಲೆಲ್ಲ ಪಿಪೆಟ್ ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತದೆ.

ಮೈಯಿಂದ ಹೊರಬಂದ ಕೋಶ ಹೆಚ್ಚು ದಿನ ಬಾಳುವುದಿಲ್ಲ. ನಿಮ್ಮವುಗಳಿಗೆ ಟೆಲೊಮರೇಸ್ ಕಿಣ್ವದ ಜೀನನ್ನೂ ಕೋತಿಗಳ ಎಸ್‌ವಿ40 ವೈರಸ್ಸಿನ ಒಂದು ಜೀನನ್ನೂ ಸೇರಿಸಿ ಆಯಸ್ಸು ಹೆಚ್ಚಿಸಿದರು. ಪ್ಯಾರಿಸ್‌ನ ಕೊಶಾಂ ಸಂಸ್ಥೆಯ ಪಿಯರ್-ಒಲಿವಿಯೆ ಕುರೋ, ನ್ಯೂಯಾರ್ಕಿನ ಬ್ಯಾಬೆಟ್ ವೆಕ್ಸ್ಲರ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಪ್ರಕಟಿಸಿದರು. ಮಿದುಳಿನ ಪೊರೆಗೆ ಸೋಂಕು ತರುವ ಮೆನಿಂಗೋಕಾಕಸ್ ಈ ಕೋಶಗಳಿಗೆ ಹೇಗೆ ಅಂಟಿಕೊಂಡು ಸಂದು ಬಿಡಿಸುತ್ತದೆ ಎಂಬುದನ್ನು ಇವುಗಳ ಮೇಲೆಯೇ ನೋಡಿದ್ದಾರೆ. ಹಾಗೆಂದು ತಟ್ಟೆಯಲ್ಲಿರುವುದು ಪೂರ್ತಿ ನಿಮ್ಮ ಗೋಡೆಯಲ್ಲ. ಹರಿಯುವ ರಕ್ತವಿಲ್ಲ, ಪಕ್ಕದಲ್ಲಿ ಆಸರೆಯಾಗುವ ಪೆರಿಸೈಟ್, ಆಸ್ಟ್ರೋಸೈಟ್ ಕೋಶಗಳಿಲ್ಲ. ಒಂಟಿಯಾದ ಪದರ ಸಡಿಲವಾಗುತ್ತದೆ, ಜೀವಂತ ಮಿದುಳಿನಲ್ಲಿ ನಿಲ್ಲುವ ವಸ್ತು ಇಲ್ಲಿ ಸೋರಿಬಿಡುತ್ತದೆ. ಫಲಿತಾಂಶ ಬರೆಯುವಾಗ ಇದನ್ನು ಮರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನನ್ನ ಚಿಕ್ಕಮ್ಮನಿಗೂ ಮೂರ್ಛೆ ಇತ್ತು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಕೆಂದು ಅಜ್ಜಿ ಬೀಗದ ಕೈಗೊಂಚಲು ತುರುಕುತ್ತಿದ್ದಳು. ಎಲ್ಲ ಮುಗಿದ ಮೇಲೆ ಚಿಕ್ಕಮ್ಮನ ಅಂಗೈಯಲ್ಲಿ ಕೀಲಿಯ ಹಲ್ಲುಗಳ ಗುರುತು ಕೆಂಪಗೆ ಮೂಡಿರುತ್ತಿತ್ತು. ಕಬ್ಬಿಣದಿಂದ ಏನೂ ಆಗದು ಎಂದು ಆಗ ಹೇಳುವವರಿರಲಿಲ್ಲ. ಕಡೆಗೆ ಅವಳಿಗೂ ಆಪರೇಷನ್ ಆಯಿತು. ಹಿಂದಿನ ರಾತ್ರಿ ಚಿಕ್ಕಪ್ಪನ ಮುಂದೆ ಇಟ್ಟ ಕಾಗದ ಪೂರಾ ಇಂಗ್ಲಿಷಿನಲ್ಲಿತ್ತು. ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಅವನು ಸಹಿ ಮಾಡಿದ. ತೆಗೆದ ಭಾಗ ಏನಾಯಿತು ಎಂದು ಅವನೂ ಕೇಳಲಿಲ್ಲ, ಆಸ್ಪತ್ರೆಯವರೂ ಹೇಳಲಿಲ್ಲ.

ಹೀಗೆ ಕೇಳದಿರುವುದು ಹೊಸದಲ್ಲ. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ರೋಗಿಯನ್ನು ಒಂದು ಮಾತೂ ಕೇಳದೆ ತೆಗೆದ ಕೋಶಗಳು ಜಗತ್ತೆಲ್ಲ ಮಾರಾಟವಾದವು. ಮನೆಯವರಿಗೆ ತಿಳಿಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ನಿಮ್ಮ ಹೆಸರನ್ನು ಗುಟ್ಟಾಗಿಟ್ಟಿರುವುದು ಸರಿ, ನನ್ನ ತಕರಾರು ಅದರ ಬಗ್ಗೆ ಅಲ್ಲ. ಕೇಳುವುದರ ಬಗ್ಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೀರಿಕೊಂಡವರ ಮಿದುಳನ್ನು ಸಂಶೋಧನೆಗೆ ಕಾಪಿಡುವ ಮಿದುಳಿನ ಬ್ಯಾಂಕ್ ಇದೆ. ದುಃಖದಲ್ಲಿರುವ ಮನೆಯವರೂ ಒಪ್ಪಿಗೆ ಕೊಟ್ಟಿದ್ದಾರೆ, ಯಾಕೆಂದರೆ ಯಾರೋ ಕೂತು ಕೇಳಿದ್ದಾರೆ. ಆಪರೇಷನ್ ಹಿಂದಿನ ರಾತ್ರಿಯೂ ಹಾಗೇ ಕೂತು, 'ನಿಮ್ಮಿಂದ ತೆಗೆಯುವ ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದಾ? ಅದು ಎಷ್ಟೋ ವರ್ಷ ಬೆಳೆಯುತ್ತಾ ಹೋಗಬಹುದು, ಬೇರೆ ದೇಶಕ್ಕೂ ಹೋಗಬಹುದು' ಎಂದು ಕನ್ನಡದಲ್ಲಿ ಹೇಳಲು ಹತ್ತು ನಿಮಿಷ ಸಾಕು. ಚಿಕ್ಕಮ್ಮನನ್ನು ಕೇಳಿದ್ದರೆ ಖಂಡಿತ ಕೊಡುತ್ತಿದ್ದಳು, ಜೊತೆಗೆ ಕಾಫಿಯನ್ನೂ ಕೊಡುತ್ತಿದ್ದಳು.

ಅವಳಿಗೀಗ ಫಿಟ್ಸ್ ಬರುವುದಿಲ್ಲ. ಒಬ್ಬಳೇ ಒಲೆ ಹಚ್ಚುತ್ತಾಳೆ, ಒಬ್ಬಳೇ ಕೆರೆ ಏರಿ ಮೇಲೆ ನಡೆದು ಹೋಗುತ್ತಾಳೆ. ನಿಮ್ಮ ಕೋಶಗಳ ಕುರಿತು ನಾನು ಓದಿದ ಪ್ರಬಂಧಗಳಲ್ಲಿ ಮೀಡಿಯಾದಲ್ಲಿ ಏನೇನು ಎಷ್ಟೆಷ್ಟು ಹಾಕಬೇಕು ಎಂಬುದು ಮೈಕ್ರೊಗ್ರಾಂ ಲೆಕ್ಕದಲ್ಲಿದೆ. ಆಪರೇಷನ್ ಆದ ಮೇಲೆ ನಿಮಗೆ ಫಿಟ್ಸ್ ನಿಂತವೇ, ಅಕ್ಕ?

ನಿಮ್ಮ ಕೋಶಗಳನ್ನು ನೋಡಿಕೊಳ್ಳುವವರಲ್ಲಿ ಒಬ್ಬಳು