ನಾಲ್ಕು ಇಂಡಿಕೇಟರಿನ ಖಾತೆದಾರರು

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಜಾಗ ಬೇಕಿದ್ದರೆ ನೋಂದಣಿ ಕಚೇರಿ ಸುತ್ತಬೇಕಿಲ್ಲ. ಕಾರನ್ನು ಅರ್ಧ ರಸ್ತೆಗೆ ಚಾಚಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ ಇಳಿದರೆ ಆಯಿತು, ಅಷ್ಟು ನೆಲ ನಿಮ್ಮ ಹೆಸರಿಗೆ ಖಾತೆ. ಅವಧಿ ‘ಐದೇ ನಿಮಿಷ’. ಅಷ್ಟರಲ್ಲಿ ಮಾತ್ರೆ ಕೊಂಡು, ಹೂವಿಗೆ ಚೌಕಾಸಿ ಮಾಡಿ, ಬೈಟು ಕಾಫಿ ಕುಡಿದು, ಸಿಕ್ಕ ಗೆಳೆಯನ ಹತ್ತಿರ ‘ಊರಲ್ಲಿ ಟ್ರಾಫಿಕ್ ವಿಪರೀತ ಆಯ್ತು ಕಣಯ್ಯ’ ಎಂದು ಮರುಗಿ ಬರಬಹುದು. ಚಿಂತಾಮಣಿ, ಗೌರಿಬಿದನೂರಿನಲ್ಲೂ ಖಾತೆ ಪದ್ಧತಿ ಇದೇ.

ದಟ್ಟಣೆ ತಗ್ಗಿಸಲು ಎಷ್ಟು ಕೊಡುತ್ತೀರಿ ಎಂದು ಇವರನ್ನು ಕೇಳಿ ನೋಡಿ. ‘ದುಡ್ಡು ಕೊಟ್ಟು ಗಾಡಿ ನಿಲ್ಸೋಕೆ ಇದೇನು ಬೆಂಗಳೂರಾ?’

ಬೆಂಗಳೂರಿನವರೋ, ಭಾನುವಾರ ನಸುಕಿಗೇ ಹೊರಟು ನಂದಿಬೆಟ್ಟದ ಬುಡದಲ್ಲಿ ಸಾಲು ನಿಂತು, ಮುಂದಿನ ಕಾರಿನ ಬ್ರೇಕ್ ಲೈಟಿನಲ್ಲೇ ಸೂರ್ಯೋದಯ ಕಣ್ತುಂಬಿಕೊಳ್ಳುತ್ತಾರೆ. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ ನೆಲೆಸಿದ ಮೇಲೆ ಸಂಜೆ ಪಾಳಿಯೂ ಶುರು. ಅಲ್ಲಿ ಯೋಗಿಯೂ ಅಲುಗಾಡುವುದಿಲ್ಲ, ಸ್ಟಿಯರಿಂಗ್ ಹಿಡಿದವನೂ ಅಲುಗಾಡುವುದಿಲ್ಲ.

ದಟ್ಟಣೆಗೆ ದುಡ್ಡು ಕೊಡಿ ಎಂದರೆ ಸ್ವೀಡನ್ನಿನ ಸ್ಟಾಕ್‌ಹೋಮಿನವರೂ ಮೊದಲು ಒಲ್ಲೆ ಎಂದವರೇ. 2006ರಲ್ಲಿ ಏಳು ತಿಂಗಳು ನಗರದೊಳಗೆ ಬಂದುಹೋಗುವ ವಾಹನಗಳಿಗೆ ಶುಲ್ಕ ಹಾಕಿ ನೋಡಿದರು. ಐದರಲ್ಲೊಂದು ಪಾಲು ವಾಹನ ಕಡಿಮೆಯಾಯಿತು. ಆಮೇಲೆ ಜನಮತ ಕೇಳಿದರೆ ನಗರದ ಬಹುಮತ ಹೂಂ ಎಂದಿತು. ಹೂಂ ಎನ್ನಲು ನಾವೂ ಸಿದ್ಧ, ಶುಲ್ಕ ಪಕ್ಕದ ಮನೆಯವನಿಗೆ ಬೀಳುವುದಾದರೆ. ಅವನು ಬಸ್ಸಿಗೆ ಹೋಗಲಿ, ನಾವು ಆರಾಮಾಗಿ ಕಾರಿನಲ್ಲಿ ಹೋಗುತ್ತೇವೆ.

ಮೊನ್ನೆ ಗೌರಿಬಿದನೂರು ಕಡೆಯ ಟೆಂಪೊವೊಂದು ರೇಷ್ಮೆಗೂಡು ಹೇರಿಕೊಂಡು ಇದೇ ಬಿ.ಬಿ. ರಸ್ತೆಯಲ್ಲಿ ಸಿಕ್ಕಿಬಿದ್ದಿತ್ತು. ಗೂಡು ತೂಕಕ್ಕೆ ಹೋಗುವ ಮಾಲು. ಒಣಗಿದಷ್ಟೂ ಕಾಸು ಆವಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಇವನಿಗಾಗಿ ಕಾಯುತ್ತದೆಯೇ? ನಿಮಿಷಕ್ಕೆ ಬೆಲೆ ಕಟ್ಟಬಲ್ಲವನು ಇವನೊಬ್ಬನೇ ಅನ್ನಿಸಿ, ಮಾತ್ರೆ ತರಲು ಹೋಗಿದ್ದವನು ಕವರ್ ಹಿಡಿದೇ ಹತ್ತಿರ ಹೋಗಿ ವಿಚಾರಿಸಿದೆ: ‘ಜಾಮ್ ಬಿಡಿಸೋಕೆ ಎಷ್ಟು ಕೊಡ್ತೀಯಪ್ಪಾ?’

ಟವೆಲಿನಲ್ಲಿ ಬೆವರು ಒರೆಸಿಕೊಂಡು ಮುಂದಕ್ಕೆ ಕೈ ತೋರಿಸಿದ. ‘ಕಾಸು ಯಾಕೆ ಸ್ವಾಮಿ? ಅಗೋ, ಮಿಣಮಿಣ ಅಂತ ನಿಂತೈತಲ್ಲ ಬಿಳಿ ಕಾರು, ಅದರ ಓನರ್ ಯಾರು ಅಂತ ಹೇಳಿ ಸಾಕು.’

ಕೀ ಗೊಂಚಲನ್ನು ಮೆಲ್ಲಗೆ ಜೇಬಿಗಿಳಿಸಿದೆ. ‘ಬೆಂಗಳೂರು ಗಾಡಿ ಇರ್ಬೇಕು’ ಎಂದೆ. ನಂಬರ್ ಪ್ಲೇಟಿನ ಮೇಲೆ ನಮ್ಮೂರಿನದೇ ಕೆಎ 40 ದಪ್ಪ ಅಕ್ಷರದಲ್ಲಿ ಕಾಣುತ್ತಿತ್ತು.